ಬರೆದವರು

ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಹೊಸನಗರದ ಬಸ್ಸು ಹತ್ತುವ ಮೊದಲು ಸುಮನಾ ಎರಡು ಸಲ ಬ್ಯಾಗಿನ ಜಿಪ್ ತೆಗೆದು ನೋಡಿದಳು. ನೋಟ್‌ಬುಕ್ ಇತ್ತು. ಇರದೆ ಎಲ್ಲಿಗೆ ಹೋಗುತ್ತದೆ. ಎರಡೂವರೆ ವರ್ಷದಿಂದ ಬೀರುವಿನಲ್ಲಿ ಸೀರೆಗಳ ಕೆಳಗೆ ಮಲಗಿದ್ದದ್ದು ಇವತ್ತು ಬೆಳಿಗ್ಗೆ ಹೊರಗೆ ಬಂದಿತ್ತು. ಇನ್ನೂರು ಪುಟದ ಗೆರೆ ನೋಟ್‌ಬುಕ್, ರಟ್ಟಿನ ಮೇಲೆ ಲೇಬಲ್, ಲೇಬಲ್ಲಿನಲ್ಲಿ ‘ಶಿಲ್ಪಶ್ರೀ ಹೆಚ್., ಏಳನೇ ತರಗತಿ, ವಿಷಯ: ದಿನಚರಿ’ ಎಂದು ದುಂಡಗಿನ ಅಕ್ಷರ. ಅದಕ್ಕೆ ಒತ್ತಿಕೊಂಡು ಅವಳ ಸ್ವಂತ ಪುಸ್ತಕದ ಐದು ಪ್ರತಿಗಳಿದ್ದವು. ‘ಎರಡು ಸಾಲಿನಲ್ಲಿ ನಿಂತವಳು’. ಏಳನೇ ಕ್ಲಾಸಿನ ಹುಡುಗಿಯೊಬ್ಬಳ ಸಚಿತ್ರ ದಿನಚರಿ, ಹತ್ತರಿಂದ ಹದಿಮೂರು ವರ್ಷದ ಮಕ್ಕಳಿಗಾಗಿ. ಎರಡನ್ನೂ ಒಂದೇ ಬ್ಯಾಗಿನಲ್ಲಿ ಇಡಬಾರದಿತ್ತೇನೋ ಅನ್ನಿಸಿ, ಬಸ್ಸಿನಲ್ಲಿ ಕೂತ ಮೇಲೆ ನೋಟ್‌ಬುಕ್ಕನ್ನು ತೆಗೆದು ಟವೆಲಿನಲ್ಲಿ ಸುತ್ತಿ ಮತ್ತೆ ಒಳಗಿಟ್ಟಳು. ಪಕ್ಕದಲ್ಲಿದ್ದ ಹೆಂಗಸು, “ಊಟದ ಡಬ್ಬಿ ಸೋರ್ತಾ ಐತಾ?” ಎಂದು ಕೇಳಿದಳು. ಸುಮನಾ ಹೌದೆಂದಳು. ಹೌದು ಎನ್ನುವುದು ಅವಳಿಗೆ ಯಾವತ್ತೂ ಸುಲಭವಾಗಿಯೇ ಬರುತ್ತಿತ್ತು.

ನವೆಂಬರ್ ತಿಂಗಳಲ್ಲಿ ಕನ್ನಡದ ಲೇಖಕರಿಗೆ ಬೇಡಿಕೆ ಜಾಸ್ತಿ. ಈ ತಿಂಗಳು ಇದು ನಾಲ್ಕನೆಯ ಶಾಲೆ. ಹೊಸನಗರ ದಾಟಿ ತೀರ್ಥಹಳ್ಳಿ ರಸ್ತೆಯಲ್ಲಿರುವ ಆ ವಸತಿ ಶಾಲೆಯ ಪ್ರಿನ್ಸಿಪಾಲರು, ಮಹಾಲಕ್ಷ್ಮೀ ಎಂದು ಹೆಸರು, ಫೋನಿನಲ್ಲಿ ಬಹಳ ಗೌರವದಿಂದ ಮಾತನಾಡಿದ್ದರು. ಮಕ್ಕಳು ನಿಮ್ಮ ಪುಸ್ತಕ ಓದಿ ಓದಿ ಹಾಳೆ ಕಿತ್ತುಬಂದಿದೆ, ನೀವೊಮ್ಮೆ ಬರಬೇಕು, ಎಂದಿದ್ದರು. ಸುಮನಾ ಬೇರೇನೋ ಕೆಲಸವಿದೆ ಎಂದು ಹೇಳಲು ಬಾಯಿ ತೆರೆದಾಗ ಅವರೇ ಮುಂದುವರಿಸಿ, “ನಿಮ್ಮ ಹಳೇ ವಿದ್ಯಾರ್ಥಿನಿ ಒಬ್ಬಳು ಇಲ್ಲೇ ಇದಾಳಂತೆ ಮೇಡಂ, ಹತ್ತನೇ ಕ್ಲಾಸಲ್ಲಿ. ಶಿಲ್ಪಶ್ರೀ ಅಂತ,” ಎಂದರು. ಅದು ಸುಮನಾಗೆ ಗೊತ್ತಿದ್ದ ಸಂಗತಿ. ಗೊತ್ತಿದ್ದದ್ದರಿಂದಲೇ ಆ ರಸ್ತೆಯಲ್ಲಿ ಎರಡು ವರ್ಷ ಓಡಾಡಿರಲಿಲ್ಲ. ಆದರೆ ಗೊತ್ತಿರುವ ಸಂಗತಿಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ ಮೇಲೆ ಹೋಗದೆ ಇರುವುದಕ್ಕೆ ಒಂದು ಕಾರಣ ಬೇಕಾಗುತ್ತದೆ, ಆ ಕಾರಣ ಹೊಳೆಯುವಷ್ಟರಲ್ಲಿ ದಿನಾಂಕ ನಿಗದಿಯಾಗಿತ್ತು. ಫೋನಿಟ್ಟ ಮೇಲೆ ಅವಳು ಒಂದು ನಿರ್ಧಾರ ಮಾಡಿದಳು: ನೋಟ್‌ಬುಕ್ ವಾಪಸ್ ಕೊಡುವುದು, ಮಕ್ಕಳೆದುರು ನಿಜ ಹೇಳುವುದು. ಈ ನಿರ್ಧಾರದಿಂದ ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಶಿಲ್ಪಶ್ರೀ ಏಳನೇ ಕ್ಲಾಸಿನಲ್ಲಿದ್ದಾಗ ಶರಾವತಿ ಹಿನ್ನೀರಿಗೆ ಇನ್ನೂ ಸೇತುವೆ ಆಗಿರಲಿಲ್ಲ. ಬ್ಯಾಕೋಡಿನ ಆಚೆಯ ಶಾಲೆಯಲ್ಲಿ ಅವಳಿಗೆ ಕೆಲಸ, ಅಲ್ಲೇ ಒಂದು ಬಾಡಿಗೆ ಕೋಣೆ, ಶನಿವಾರ ಮಧ್ಯಾಹ್ನ ಲಾಂಚಿನಲ್ಲಿ ಹಿನ್ನೀರು ದಾಟಿ ಸಾಗರದ ಮನೆಗೆ. ಈಗ ಕಾರಿನಲ್ಲಿ ಕೂತವರು ಸೇತುವೆಯ ಮೇಲೆ ಎರಡು ಸೆಲ್ಫಿ ತೆಗೆಯುವುದರೊಳಗೆ ದಾಟಿಬಿಡುತ್ತಾರೆ. ಆಗ ಸರದಿಯಲ್ಲಿ ಕಾಯಬೇಕಿತ್ತು, ಕಾಯುವಾಗ ಅವಳು ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದಳು. ದಿನಕ್ಕೆ ಐದು ವಾಕ್ಯ ದಿನಚರಿ ಬರೆಯಿರಿ ಎಂದು ಏಳನೇ ಕ್ಲಾಸಿನ ಹದಿನೇಳು ಮಕ್ಕಳಿಗೆ ಹೇಳಿದ್ದಳು. ಹದಿನಾರು ಮಕ್ಕಳು ಬೆಳಿಗ್ಗೆ ಎದ್ದೆ, ಹಲ್ಲುಜ್ಜಿದೆ, ತಿಂಡಿ ತಿಂದೆ, ಶಾಲೆಗೆ ಬಂದೆ, ಮಲಗಿದೆ ಎಂದು ಬರೆದಿದ್ದರು. ಎಲ್ಲರೂ ಶಾಲೆಗೆ ಬಂದ ಕೂಡಲೇ ಮಲಗಿದ್ದರು. ಹದಿನೇಳನೆಯ ನೋಟ್‌ಬುಕ್ ತೆರೆದಾಗ ಅಲ್ಲಿ ಬಾಲ್‌ಪೆನ್ನಿನಲ್ಲಿ ಬರೆದ ಚಿತ್ರಗಳಿದ್ದವು. ಕಡ್ಡಿಯಂಥ ಕೈಕಾಲು, ಗುಂಡು ತಲೆ, ಎಲ್ಲರ ಪಾದವೂ ಒಂದೇ ಕಡೆಗೆ. ‘ಇವತ್ತು ಮೊಟ್ಟೆ ದಿನ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, ಅದಕ್ಕೆ ಬೇರೆ ಸಾಲು. ಎರಡೂ ಇಷ್ಟ ಇರುವವರು ಎಲ್ಲಿ ನಿಲ್ಲಬೇಕು ಎಂದು ಯಾರೂ ಹೇಳಲಿಲ್ಲ.’ ಕೆಳಗೆ ಎರಡು ಸಾಲು, ನಡುವೆ ಒಬ್ಬ ಹುಡುಗಿ, ಒಂದು ಕಾಲು ಆ ಸಾಲಿನಲ್ಲಿ, ಒಂದು ಕಾಲು ಈ ಸಾಲಿನಲ್ಲಿ, ನಡು ಹಗ್ಗದ ಹಾಗೆ ಎಳೆದುಹೋಗಿದೆ. ಮುಂದಿನ ಪುಟದಲ್ಲಿ, ‘ಅಕ್ಕನ ಯೂನಿಫಾರ್ಮ್ ನನಗೆ ಬಂದಿದೆ. ತೋಳು ಉದ್ದ. ಉತ್ತರ ಗೊತ್ತು ಎಂದು ಕೈ ಎತ್ತಿದರೆ ಮಿಸ್ಸಿಗೆ ಬಟ್ಟೆ ಮಾತ್ರ ಕಾಣುತ್ತದೆ.’ ಅದರ ಮುಂದೆ, ‘ಸೇತುವೆ ಆದರೆ ಸಾಗರ ನಮಗೆ ಹತ್ತಿರ ಆಗುತ್ತದೆ ಎಂದು ಅಪ್ಪ ಹೇಳಿದರು. ಇದು ಸಾಗರಕ್ಕೆ ಗೊತ್ತೋ ಇಲ್ಲವೋ.’ ಸುಮನಾ ಲಾಂಚಿನಲ್ಲಿ ಒಬ್ಬಳೇ ನಕ್ಕಿದ್ದಳು. ಬೈಕು ಹಿಡಿದು ನಿಂತಿದ್ದವರು ತಿರುಗಿ ನೋಡಿದ್ದರು. ನಗು ನಿಂತ ಮೇಲೆ ಹೊಟ್ಟೆಯಲ್ಲಿ ಬೇರೊಂದು ಎದ್ದಿತ್ತು, ಅದಕ್ಕೆ ಹೊಟ್ಟೆಕಿಚ್ಚು ಎಂಬ ಹೆಸರಿದೆ ಎಂದು ಅವಳಿಗೆ ಅಲ್ಲೇ ಗೊತ್ತಾಗಿತ್ತು. ಹನ್ನೆರಡು ವರ್ಷದ ಹುಡುಗಿಯ ಮೇಲೆ. ಕೆಂಪು ಪೆನ್ನಿನಲ್ಲಿ ‘ಚಿತ್ರ ಕಡಿಮೆ ಮಾಡಿ ಬರವಣಿಗೆ ಕಡೆ ಗಮನ ಕೊಡು’ ಎಂದು ಬರೆದು ಸಹಿ ಹಾಕಿದ್ದಳು.

ಬಸ್ಸು ಬಟ್ಟೆಮಲ್ಲಪ್ಪದಲ್ಲಿ ನಿಂತು ಹೊರಟಿತು. ಪಕ್ಕದ ಹೆಂಗಸು ಇಳಿದು ಹೋಗಿದ್ದಳು. ಸುಮನಾ ಇವತ್ತಿನ ಭಾಷಣವನ್ನು ಮನಸ್ಸಿನಲ್ಲೇ ಹೇಳಿಕೊಳ್ಳಲು ನೋಡಿದಳು. ಮಕ್ಕಳೇ, ಇವತ್ತು ನಿಮಗೊಂದು ನಿಜ ಹೇಳಬೇಕು. ಇದು ಮಾತ್ರ ಸಲೀಸಾಗಿ ಬಂತು, ಆಮೇಲಿನದು ಬರಲಿಲ್ಲ. ಆಮೇಲಿನದರಲ್ಲಿ ವಿಘ್ನೇಶ್ವರ ಬರಬೇಕಿತ್ತು, ಸಾಗರದಲ್ಲಿ ಸಣ್ಣದೊಂದು ಪ್ರಕಾಶನ ಇಟ್ಟುಕೊಂಡಿದ್ದ, ಅವಳ ಎರಡು ಕವನ ಸಂಕಲನಗಳನ್ನು ಬಹಳ ವಿನಯದಿಂದ ವಾಪಸ್ ಮಾಡಿದ್ದ ಮನುಷ್ಯ. ಅವರೇ ಒಂದು ದಿನ ಹೇಳಿದ್ದರು, “ಈಗಿನ ಮಕ್ಳಿಗೆ ಡೈರಿ ತರದ್ದು ಬೇಕು ಮೇಡಂ. ಪುಟಕ್ಕೊಂದು ಚಿತ್ರ, ಕೈಬರಹದ ಅಕ್ಷರ, ಸ್ಕೂಲಿನ ತಮಾಷೆ. ಇಂಗ್ಲಿಷಲ್ಲಿ ಕಪಾಟುಗಟ್ಲೆ ಇದೆ. ಕನ್ನಡದಲ್ಲಿ ಯಾರೂ ಬರೀತಿಲ್ಲ. ನೀವು ಟೀಚರು, ನಿಮ್ಮ ಹತ್ರ ಸರಕು ಇರ್ತದೆ.” ಸುಮನಾ ತಾನೇ ಇಪ್ಪತ್ತು ಪುಟ ಬರೆದಳು. ಅವಳ ಹುಡುಗಿಯ ಹೆಸರು ಚಿನ್ಮಯಿ. ಚಿನ್ಮಯಿ ಪ್ರತಿದಿನ ಸಂಜೆ ಒಂದು ಪಾಠ ಕಲಿಯುತ್ತಿದ್ದಳು: ಸೋಮವಾರ ಸತ್ಯ ಹೇಳಬೇಕೆಂದು, ಮಂಗಳವಾರ ನೀರು ಪೋಲು ಮಾಡಬಾರದೆಂದು. ಬುಧವಾರದ ಹೊತ್ತಿಗೆ ಬರೆದವಳಿಗೇ ಆಕಳಿಕೆ ಬಂತು. ಆ ಹಾಳೆಗಳನ್ನು ಹರಿದುಹಾಕಿ, ಸುಮ್ಮನೆ ನೋಡುವುದಕ್ಕೆಂದು ಆ ನೋಟ್‌ಬುಕ್ ತೆರೆದಳು. ವರ್ಷದ ಕೊನೆಯಲ್ಲಿ ಎಲ್ಲರ ನೋಟ್‌ಬುಕ್ ಹಿಂದಿರುಗಿಸುವಾಗ ಇದೊಂದು ಅವಳ ಬಳಿ ಉಳಿದಿತ್ತು. ಉಳಿದಿತ್ತು ಎಂದೇ ಅವಳು ಅಂದುಕೊಳ್ಳುತ್ತಾಳೆ, ಉಳಿಸಿಕೊಂಡೆ ಎಂದಲ್ಲ.

ಚಿತ್ರಗಳನ್ನು ತೆಳು ಕಾಗದ ಇಟ್ಟು ನಕಲು ಮಾಡಲು ನೋಡಿದ್ದೂ ನಿಜ. ನಕಲಿನಲ್ಲಿ ಹುಡುಗಿ ಎರಡು ಸಾಲುಗಳ ನಡುವೆ ಸುಮ್ಮನೆ ನಿಂತಿದ್ದಳು, ಎಳೆದುಹೋಗಿರಲಿಲ್ಲ. ಎಲ್ಲ ಗೆರೆಯೂ ಅದೇ ಜಾಗದಲ್ಲಿದೆ, ಆದರೆ ನಗು ಬರುವುದಿಲ್ಲ. ಕೊನೆಗೆ ಜೆರಾಕ್ಸ್ ಅಂಗಡಿಯಲ್ಲಿ ಪುಟಗಳನ್ನೇ ಸ್ಕ್ಯಾನ್ ಮಾಡಿಸಿ ಕಳಿಸಿದಳು. ಮೊದಲು ಇಷ್ಟವಾಗುತ್ತದೋ ನೋಡೋಣ, ಆಮೇಲೆ ಹೇಳೋಣ. ವಿಘ್ನೇಶ್ವರ ಅದೇ ಸಂಜೆ ಫೋನ್ ಮಾಡಿದರು. ಅವಳು ಬಸ್ಸಿನಲ್ಲಿದ್ದಳು, ಬಸ್ಸಿನಲ್ಲಿ ಯಾರೋ ಕೋಳಿ ತಂದಿದ್ದರು, ಕೋಳಿ ಕೂಗುತ್ತಿತ್ತು. “ಮೇಡಂ, ಇದೆಲ್ಲ ನೀವೇ ಬರೆದದ್ದಾ?” ಎಂದು ಕೇಳಿದರು. ಕನ್ನಡದಲ್ಲಿ ಕಥೆಯನ್ನೂ ಬರೆಯುತ್ತಾರೆ, ಚಿತ್ರವನ್ನೂ ಬರೆಯುತ್ತಾರೆ. ಅಕ್ಷರಕ್ಕೂ ಗೆರೆಗೂ ಅದೊಂದೇ ಕ್ರಿಯಾಪದ. ಅವರು ಕೇಳಿದ್ದು ಯಾವುದನ್ನು ಎಂದು ಅವಳು ಕೇಳಬಹುದಿತ್ತು. ಅವಳು ವಾಕ್ಯಗಳನ್ನು ತಿದ್ದಿದ್ದಳು, ಕೆಲವನ್ನು ಸೇರಿಸಿದ್ದಳು, ಹುಡುಗಿಯ ಹೆಸರನ್ನು ಚಿನ್ಮಯಿ ಎಂದು ಬದಲಿಸಿದ್ದಳು. ಅಷ್ಟನ್ನು ಬರೆಯುವುದು ಅನ್ನಬಹುದಾದರೆ ಅವಳು ಬರೆದಿದ್ದಳು. “ಹ್ಞೂಂ,” ಎಂದಳು. “ಚಿತ್ರ ಅಂತೂ ಅದ್ಭುತ ಮೇಡಂ, ನಿಮ್ಮೊಳಗೆ ಇಂಥದ್ದೊಂದು ಕೈ ಇದೆ ಅಂತ ಗೊತ್ತೇ ಇರ್ಲಿಲ್ಲ,” ಎಂದರು ಅವರು. ಆಗಲೂ ಹೇಳಬಹುದಿತ್ತು. ಕೋಳಿ ಕೂಗುತ್ತಿತ್ತು, ನೆಟ್‌ವರ್ಕ್ ಹೋಯಿತು. ನೆಟ್‌ವರ್ಕ್ ಹೋದದ್ದಕ್ಕೆ ಅವಳಿಗೆ ಸಂತೋಷವಾಯಿತು.

ಪ್ರೂಫ್ ಬಂದಾಗ ನೋಟ್‌ಬುಕ್ಕಿನ ನೀಲಿ ಗೆರೆಗಳನ್ನು ಕಂಪ್ಯೂಟರಿನಲ್ಲಿ ಅಳಿಸಿದ್ದರು. ಬಿಳಿ ಹಾಳೆಯ ಮೇಲೆ ಚಿತ್ರಗಳು ಯಾರಿಗೂ ಸೇರಿದವಲ್ಲ ಎನ್ನುವಂತೆ ಕೂತಿದ್ದವು. ಒಳಪುಟದಲ್ಲಿ ‘ಬರೆದವರು: ಸುಮನಾ’, ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ‘ಚಿತ್ರಗಳೂ ಲೇಖಕಿಯವೇ’. ಅದರ ಕೆಳಗಿನ ಸಾಲಿನಲ್ಲಿ ‘ಹಕ್ಕು’ ಎನ್ನುವುದು ‘ಹಕು’ ಎಂದು ಅಚ್ಚಾಗಿತ್ತು. ಅವಳು ಕೆಂಪು ಪೆನ್ನಿನಲ್ಲಿ ಕ ಒತ್ತು ಹಾಕಿ, ಪುಟ ಮಗುಚಿದಳು. ಬಿಡುಗಡೆಯ ದಿನ ಸಾಗರದಲ್ಲಿ ಒಬ್ಬ ಹಿರಿಯ ವಿಮರ್ಶಕರು ಎದ್ದುನಿಂತು, ಈ ಕಡ್ಡಿ ಮನುಷ್ಯರಲ್ಲಿ ನಮ್ಮ ಸೀಮೆಯ ಹಸೆ ಚಿತ್ತಾರದ ನೆನಪಿದೆ, ಲೇಖಕಿಯ ರಕ್ತದಲ್ಲೇ ಇದು ಬಂದಿದೆ ಎಂದರು. ಅವಳ ಅಜ್ಜಿ ವೆಂಕಮ್ಮ ಮದುವೆ ಮನೆಗಳ ಗೋಡೆಯ ಮೇಲೆ ಚಿತ್ತಾರ ಬರೆಯುತ್ತಿದ್ದದ್ದು ನಿಜ. ಸುಮನಾ ಮೈಕಿನ ಮುಂದೆ ನಿಂತು ಅಜ್ಜಿಯನ್ನು ನೆನೆದು ಕಣ್ಣೊರೆಸಿಕೊಂಡಳು. ಆ ಕಣ್ಣೀರು ಸುಳ್ಳಲ್ಲ. ಅಜ್ಜಿಯ ಮಾತು ಬಂದರೆ ಅವಳಿಗೆ ಯಾವಾಗಲೂ ಅಳು ಬರುತ್ತದೆ. ಆದರೆ ಅಳುತ್ತಿರುವಾಗಲೇ ಅವಳಿಗೆ ಒಂದು ಯೋಚನೆ ಹಾದುಹೋಯಿತು: ಶಿಲ್ಪಶ್ರೀಯ ಅಮ್ಮ ಬೆಳ್ಳಮ್ಮನ ಮನೆಯಲ್ಲಿ ಗೋಡೆಯ ಮೇಲೆ ಯಾರೂ ಏನೂ ಬರೆಯುತ್ತಿರಲಿಲ್ಲ, ಆ ಹುಡುಗಿಗೆ ಅದು ಯಾವ ರಕ್ತದಲ್ಲಿ ಬಂತು?

ಒಂದು ಪುಟವನ್ನು ಮಾತ್ರ ಅವಳು ಸ್ಕ್ಯಾನ್ ಮಾಡಿಸಿರಲಿಲ್ಲ. ಮಾರ್ಚ್ ತಿಂಗಳದು. ಪರೀಕ್ಷೆಯ ಪೇಪರಿನ ಕಟ್ಟು ಹೊರಲು ಇಬ್ಬರು ಹುಡುಗಿಯರನ್ನು ಕೋಣೆಯವರೆಗೆ ಕರೆದುಕೊಂಡು ಹೋಗಿದ್ದಳು, ಒಬ್ಬಳು ಪೋಸ್ಟ್ ಮಾಸ್ತರರ ಮಗಳು, ಒಬ್ಬಳು ಶಿಲ್ಪಶ್ರೀ. ಇಬ್ಬರಿಗೂ ಟೀ ಮಾಡಿಕೊಟ್ಟಿದ್ದಳು, ಒಂದೇ ಪಾತ್ರೆಯಿಂದ, ಒಂದೇ ಥರದ ಸ್ಟೀಲ್ ಲೋಟದಲ್ಲಿ. ಇದನ್ನು ಅವಳು ಮನಸ್ಸಿನಲ್ಲಿ ಎಷ್ಟೋ ಸಲ ಒತ್ತಿ ಹೇಳಿಕೊಂಡಿದ್ದಾಳೆ. ನೋಟ್‌ಬುಕ್ಕಿನಲ್ಲಿ ಹೀಗಿತ್ತು: ‘ಮಿಸ್ ಮನೆಯಲ್ಲಿ ಟೀ ಕೊಟ್ಟರು. ಏಲಕ್ಕಿ ಹಾಕಿದ್ದರು. ಕುಡಿದಾದ ಮೇಲೆ ನನ್ನ ಲೋಟ ನಾನೇ ತೊಳೆದು ಕವುಚಿ ಹಾಕಿದೆ. ಮಿಸ್ ಬೇಡ ಅನ್ನಲಿಲ್ಲ. ಪೋಸ್ಟ್ ಮಾಸ್ತರರ ಮಗಳ ಲೋಟ ಮೇಜಿನ ಮೇಲೆ ಇತ್ತು, ಅದನ್ನು ಮಿಸ್ ತೊಳೆದರು.’ ಚಿತ್ರದಲ್ಲಿ ಎರಡು ಲೋಟ. ಒಂದು ಮೇಜಿನ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತಿದೆ. ಇನ್ನೊಂದು ತಾನೇ ಎದ್ದು ಎರಡು ಕಡ್ಡಿ ಕಾಲಿನಲ್ಲಿ ಬಚ್ಚಲ ಕಡೆ ಹೊರಟಿದೆ. ದೂರು ಇರಲಿಲ್ಲ ಅದರಲ್ಲಿ. ಏಲಕ್ಕಿಗೂ ಲೋಟಕ್ಕೂ ಒಂದೇ ತೂಕ. ಸುಮನಾಗೆ ಆ ದಿನ ತಾನು ಏನು ಮಾಡುತ್ತಿದ್ದೆನೆಂದು ನೆನಪೇ ಇರಲಿಲ್ಲ, ಬೇಡ ಎಂದು ಯಾಕೆ ಅನ್ನಲಿಲ್ಲವೆಂದು ಗೊತ್ತಿರಲಿಲ್ಲ. ಅಜ್ಜ ಕೆರಿಯಪ್ಪ ಗೇಣಿ ಕೊಡಲು ಹೋದಾಗ ಒಡೆಯರ ಮನೆಯಲ್ಲಿ ನೀರನ್ನು ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರಂತೆ, ಆ ಕಥೆ ಕೇಳಿ ಬೆಳೆದವಳು ಅವಳು, ಅದನ್ನು ಎರಡು ಸಭೆಯಲ್ಲಿ ಹೇಳಿಯೂ ಇದ್ದಳು. ಪುಟವನ್ನು ಓದಿದ ದಿನ ಅವಳಿಗೆ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಸಿಟ್ಟು ಬಂತು. ಪುಸ್ತಕದಲ್ಲಿ ಚಿನ್ಮಯಿಯ ಮಿಸ್ಸು ಮಕ್ಕಳ ತಲೆ ನೇವರಿಸುತ್ತಾಳೆ.

ಹೊಸನಗರದಲ್ಲಿ ಬಸ್ಸು ಬದಲಿಸಿ ಇಳಿದಾಗ ಹನ್ನೊಂದಾಗಿತ್ತು. ಗೇಟಿನಲ್ಲಿ ಇಬ್ಬರು ಹುಡುಗಿಯರು ಗುಲಾಬಿ ಕೊಟ್ಟರು. ಅವರಲ್ಲಿ ಶಿಲ್ಪಶ್ರೀ ಇರಲಿಲ್ಲ; ಸುಮನಾ ಇಬ್ಬರ ಮುಖವನ್ನೂ ಅಗತ್ಯಕ್ಕಿಂತ ಹೆಚ್ಚು ಹೊತ್ತು ನೋಡಿದಳು. ಪ್ರಿನ್ಸಿಪಾಲ್ ಮಹಾಲಕ್ಷ್ಮೀ ಅವರ ಕೋಣೆಯಲ್ಲಿ ಅವಲಕ್ಕಿ ಬಂತು, ಕಾಫಿ ಬಂತು, ಡ್ರಾಯಿಂಗ್ ಮೇಷ್ಟ್ರು ನಾಗೇಂದ್ರ ಬಂದರು. ಮೂವತ್ತರ ಆಸುಪಾಸಿನ ಉತ್ಸಾಹದ ಮನುಷ್ಯ, ಬೆರಳಿನ ತುದಿಯಲ್ಲಿ ಬಣ್ಣದ ಕಲೆ, ಕೈಯಲ್ಲಿ ‘ಎರಡು ಸಾಲಿನಲ್ಲಿ ನಿಂತವಳು’. ಸಹಿ ಬೇಕೆಂದರು. ಸಹಿ ಮಾಡಿಸಿಕೊಂಡು ಪುಟ ತಿರುವುತ್ತಾ, “ಮೇಡಂ, ನಿಮ್ಮ ಗೆರೆ ಮಕ್ಕಳನ್ನ ಹೇಗೆ ಹಿಡಿದುಬಿಟ್ಟಿದೆ ಅಂದ್ರೆ, ಇಲ್ಲೊಬ್ಳು ಥೇಟು ನಿಮ್ಮ ಹಾಗೇ ಬರೀತಿದ್ಲು. ಅದೇ ತಲೆ, ಅದೇ ಪಾದ. ನೀವೇ ಬೆಚ್ಚಿಬೀಳ್ತೀರಿ,” ಎಂದರು.

“ಯಾರು?” ಎಂದಳು ಸುಮನಾ.

“ಶಿಲ್ಪಶ್ರೀ ಅಂತ. ನಿಮ್ಮ ಸ್ಟೂಡೆಂಟೇ ಅಂತೆ, ಅಭಿಮಾನ ಇರ್ತದೆ, ತಪ್ಪಲ್ಲ. ಆದ್ರೆ ಹೋದ ವರ್ಷ ತಾಲ್ಲೂಕು ಸ್ಪರ್ಧೆಗೆ ಅದನ್ನೇ ಬರೆದು ಕೊಟ್ಲು ನೋಡಿ. ತೀರ್ಪುಗಾರರು ಪುಸ್ತಕ ನೋಡಿದವರು, ಇದು ಕಾಪಿ ಅಂತ ವಾಪಸ್ ಕಳ್ಸಿದ್ರು. ನನಗೂ ಮುಜುಗರ. ಕರೆದು ಕೇಳ್ದೆ. ಮೊದ್ಲು ನಾನೇ ಬರೆದದ್ದು ಅಂದ್ಲು. ಮತ್ತೆ ಕೇಳ್ದಾಗ ನೋಡಿ ಬರ್ದೆ ಸರ್ ಅಂತ ಒಪ್ಕೊಂಡ್ಲು. ಒಳ್ಳೇ ಹುಡುಗಿ. ಎಲ್ಲರೆದುರು ಕ್ಷಮೆ ಕೇಳ್ಸಿದೆ, ಅಲ್ಲಿಗೆ ಮುಗೀತು.”

ಕಾಫಿ ಬಿಸಿಯಾಗಿತ್ತು. ಸುಮನಾ ಅದನ್ನು ಕುಡಿದಳು. “ಈಗ ಬರೀತಾಳಾ?” ಎಂದು ಕೇಳಿದಳು.

“ಆ ಚಾಳಿ ಬಿಡಿಸಿದೀನಿ. ಈಗ ಎಲ್ಲರ ಹಾಗೆ ಪೋಸ್ಟರ್ ಕಲರಲ್ಲಿ ನಿಸರ್ಗ ದೃಶ್ಯ ಮಾಡ್ತಾಳೆ. ಅದು ಅಷ್ಟೇನೂ ಬರಲ್ಲ ಪಾಪ. ಜಿಲ್ಲಾ ಮಟ್ಟಕ್ಕೆ ಮೂರು ಹೆಸರು ಇವತ್ತು ಸಂಜೆ ಕಳಿಸ್ಬೇಕು, ಈ ಸಲ ಅವಳನ್ನ ಹಾಕಿಲ್ಲ.”

ಹೇಳಬೇಕಾದದ್ದು ಇದೇ ಹೊತ್ತು. ಒಂದು ವಾಕ್ಯ ಸಾಕಿತ್ತು: ಅವಳು ನನ್ನದು ನೋಡಿ ಬರೆದದ್ದಲ್ಲ. ಆದರೆ ಪ್ರಿನ್ಸಿಪಾಲರು ತಟ್ಟೆಗೆ ಇನ್ನೊಂದು ಚಮಚ ಅವಲಕ್ಕಿ ಹಾಕುತ್ತಾ ಸುಧಾರಿಸಿಕೊಳ್ಳಿ ಎನ್ನುತ್ತಿದ್ದರು, ಬಾಯಲ್ಲಿ ಅವಲಕ್ಕಿ ಇಟ್ಟುಕೊಂಡು ಹೇಳುವ ಮಾತಲ್ಲ ಅದು. ವೇದಿಕೆಯ ಮೇಲೆ ಹೇಳುತ್ತೇನೆ, ಎಲ್ಲರೆದುರು ಹೇಳುವುದೇ ಸರಿ, ಅವಳು ಕ್ಷಮೆ ಕೇಳಿದ್ದೂ ಎಲ್ಲರೆದುರು ಎಂದುಕೊಂಡಳು. ಹಾಗೆ ಅಂದುಕೊಂಡದ್ದರಲ್ಲಿ ಎಷ್ಟು ಪ್ರಾಮಾಣಿಕತೆ ಇತ್ತು, ಎಷ್ಟು ಅರ್ಧ ಗಂಟೆಯ ಆಸೆ ಇತ್ತು ಎಂದು ಅವಳಿಗೇ ತಿಳಿಯಲಿಲ್ಲ. ಆ ಹುಡುಗಿಯನ್ನು ಒಮ್ಮೆ ನೋಡಬೇಕು ಎಂದಳು. ಕರೆಸಿದರು.

ಶಿಲ್ಪಶ್ರೀ ಉದ್ದವಾಗಿದ್ದಳು. ಎರಡು ಜಡೆ, ಅಳತೆಗೆ ಸರಿಯಾದ ಯೂನಿಫಾರ್ಮ್. ವರಾಂಡದ ಕೊನೆಯಲ್ಲಿ, ಕೈತೊಳೆಯುವ ನಲ್ಲಿಗಳ ಹತ್ತಿರ, ಇಬ್ಬರೇ ನಿಂತರು. ಚೆನ್ನಾಗಿದ್ದೀಯಾ ಎಂದರೆ ಹ್ಞೂಂ ಮಿಸ್, ಅಪ್ಪ ಅಮ್ಮ ಹೇಗಿದ್ದಾರೆ ಎಂದರೆ ಅದಾರೆ ಮಿಸ್. ಸುಮನಾಗೆ ಅಪ್ಪ ಹುಲಿಯಪ್ಪನ ನೆನಪಾಯಿತು. ಹೋದ ವರ್ಷ ಸಾಗರದ ಸಂತೆಯಲ್ಲಿ ಸಿಕ್ಕಿ, ಕೈಚೀಲ ಕೆಳಗಿಟ್ಟು, “ಮಿಸ್ಸೇ, ನಮ್ ಹುಡ್ಗಿದು ಒಂದ್ ಬರಿಯೋ ಪಟ್ಟಿ ನಿಮ್ಮತ್ರ ಐತಂತಲ್ಲ, ಸಿಕ್ಕಿದ್ರೆ ಈಸ್ಕಂಡ್ ಬಾ ಅಂದಿದ್ಲು,” ಎಂದಿದ್ದ. ಶಾಲೆಯ ಕಪಾಟಿನಲ್ಲಿರಬೇಕು, ಹುಡುಕಿಸುತ್ತೇನೆ ಎಂದಿದ್ದಳು ಅವಳು. ಪುಸ್ತಕ ಬಂದು ಆಗ ಎರಡು ತಿಂಗಳಾಗಿತ್ತು. ಈಗ ಬ್ಯಾಗಿನಿಂದ ಟವೆಲ್ ತೆಗೆದು, ಬಿಚ್ಚಿ, ನೋಟ್‌ಬುಕ್ಕನ್ನು ಮುಂದೆ ಹಿಡಿದಳು. “ಇದು ನಿಂದು. ತಡ ಆಯ್ತು.”

ಹುಡುಗಿ ಅದನ್ನು ತೆಗೆದುಕೊಂಡು ಲೇಬಲ್ ಓದಿದಳು. ನಡುವಿನಿಂದ ಪುಟ ತೆರೆದು, ಒಂದೆರಡು ಮಗುಚಿ, ಏನೋ ಹುಡುಕಿ, ಅಲ್ಲಿ ನಿಂತಳು. “ಲೈಬ್ರರಿಲಿ ನಿಮ್ಮ ಪುಸ್ತಕ ಎರಡು ಕಾಪಿ ಅದೆ ಮಿಸ್. ಓದ್ದೆ. ಲೋಟದ್ದು ಹಾಕಿಲ್ಲ ನೀವು.”

ಸುಮನಾ ಟವೆಲನ್ನು ಮಡಿಸತೊಡಗಿದಳು.

“ಅದೇ ಚೆನ್ನಾಗಿ ಬಂದಿತ್ತು,” ಎಂದಳು ಶಿಲ್ಪಶ್ರೀ. ಅವಳ ಧ್ವನಿಯಲ್ಲಿ ಕೊಂಕು ಇರಲಿಲ್ಲ. ಒಂದು ಚಿತ್ರದ ಬಗ್ಗೆ ಅದನ್ನು ಬರೆದವರು ಹೇಳುವಂಥ ಮಾತು ಅದು, ಅಷ್ಟೆ. “ಆ ಲೋಟದ ಕಾಲು ಬರೋಕೆ ನಾಕು ಸಲ ಅಳ್ಸಿ ಬರ್ದಿದ್ದೆ. ಪೆನ್ನಲ್ಲಿ ಅಳ್ಸೋಕೆ ಆಗಲ್ಲ ಅಂತ ಮೊದ್ಲು ಪೆನ್ಸಿಲ್ಲಲ್ಲಿ ಬರ್ದು, ಆಮೇಲೆ.” ಹೇಳುತ್ತಾ ಬೆರಳಿನಿಂದ ಆ ಗೆರೆಯನ್ನು ಸವರಿದಳು. ನಂತರ ನೋಟ್‌ಬುಕ್ ಮುಚ್ಚಿ ವಾಪಸ್ ಕೊಟ್ಟಳು. “ನಿಮ್ಮತ್ರನೇ ಇರ್ಲಿ ಮಿಸ್. ಹಾಸ್ಟೆಲ್ಲಲ್ಲಿ ಟ್ರಂಕ್ ಚೆಕ್ ಮಾಡ್ತಾರೆ. ಇದು ಸಿಕ್ಕಿದ್ರೆ ಮತ್ತೆ ಪುಸ್ತಕ ನೋಡಿ ಬರ್ದೆ ಅಂತಾರೆ.”

“ನಾನು ಹೇಳ್ತೀನಿ,” ಎಂದಳು ಸುಮನಾ. “ಇವತ್ತು ಎಲ್ಲರ ಎದುರು ಹೇಳ್ತೀನಿ. ಅದಕ್ಕೇ ಬಂದದ್ದು ನಾನು.”

ಹುಡುಗಿ ಅವಳ ಮುಖವನ್ನೇ ನೋಡಿದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ, ಆದರೆ ಕಿವಿಯ ತುದಿ ಕೆಂಪಾಯಿತು. ಅಷ್ಟು ಹೊತ್ತು ಇಲ್ಲದ ಏನೋ ಒಂದು ಅವಳ ಮುಖದಲ್ಲಿ ಬಂತು, ಹನ್ನೆರಡು ವರ್ಷದವಳ ಮುಖ ಒಂದು ಕ್ಷಣ ಹಿಂದಿರುಗಿತು. “ಹೇಳಿದ್ರೆ ಸರ್ ಲಿಸ್ಟಿಗೆ ನನ್ನ ಹೆಸರು ಹಾಕ್ತಾರಾ ಮಿಸ್?” ಎಂದಳು. “ಹಾಕ್ತಾರೆ,” ಎಂದಳು ಸುಮನಾ. ಬೆಲ್ ಹೊಡೆಯಿತು. ಶಿಲ್ಪಶ್ರೀ ಸಭಾಂಗಣದ ಕಡೆ ಓಡಿದಳು.

ವೇದಿಕೆಯ ಮೇಲೆ ನಾಲ್ಕು ಕುರ್ಚಿ, ಹಿಂದೆ ಬ್ಯಾನರು, ಬ್ಯಾನರಿನಲ್ಲಿ ಎರಡು ಸಾಲಿನ ನಡುವೆ ಎಳೆದುಹೋದ ಹುಡುಗಿ. ಮಕ್ಕಳೇ ಅದನ್ನು ದೊಡ್ಡದು ಮಾಡಿ ಬರೆದಿದ್ದರು, ಪಾದ ಮಾತ್ರ ಎರಡು ಕಡೆ ತಿರುಗಿದ್ದವು. ನಾಡಗೀತೆ ಆಯಿತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಆರನೇ ಕ್ಲಾಸಿನ ಒಬ್ಬಳು ಮೊಟ್ಟೆಯ ಪುಟವನ್ನು ಗಟ್ಟಿಯಾಗಿ ಓದಿದಳು, ಮುನ್ನೂರು ಮಕ್ಕಳು ನಕ್ಕರು. ಆ ನಗು ಎಲ್ಲಿಂದ ಬರುತ್ತಿದೆಯೆಂದು ಸುಮನಾ ನೋಡಿದಳು. ಹತ್ತನೇ ಕ್ಲಾಸಿನ ಸಾಲಿನಲ್ಲಿ, ಕಂಬದ ಪಕ್ಕ, ಶಿಲ್ಪಶ್ರೀ ಬೆನ್ನು ನೇರ ಮಾಡಿ ಕೂತಿದ್ದಳು. ಉಳಿದವರು ನಗುವಾಗ ಅವಳು ನಗಲಿಲ್ಲ, ನಗುವವರನ್ನು ನೋಡುತ್ತಿದ್ದಳು. ಎಲ್ಲಿ ನಗುತ್ತಾರೆ, ಎಷ್ಟು ಹೊತ್ತು ನಗುತ್ತಾರೆ ಎಂದು. ಸುಮನಾಗೆ ಆ ನೋಟ ಗೊತ್ತು, ತಾವು ಬರೆದದ್ದನ್ನು ಇನ್ನೊಬ್ಬರು ಓದುವಾಗ ಬರೆದವರಿಗೆ ಬರುವ ನೋಟ. ತನಗೆ ಅದು ಸಭೆಗಳಲ್ಲಿ ಬರಬೇಕಿತ್ತು, ಒಂದು ಸಲವೂ ಬಂದಿರಲಿಲ್ಲ.

ಸುಮನಾಳ ಹೆಸರು ಕರೆದರು. ಮೈಕಿನ ಮುಂದೆ ನಿಂತಾಗ ಧ್ವನಿ ನಡುಗಲಿಲ್ಲ. ವರ್ಷಗಟ್ಟಲೆ ಪಾಠ ಮಾಡಿದ ಧ್ವನಿ ತನ್ನ ಪಾಡಿಗೆ ತಾನು ಕೆಲಸ ಮಾಡಿತು. “ಮಕ್ಕಳೇ, ನಿಮಗೊಂದು ನಿಜ ಹೇಳ್ಬೇಕು,” ಎಂದಳು. ಸದ್ದಡಗಿತು. “ಈ ಪುಸ್ತಕ ಬರೆದದ್ದು ನಾನಲ್ಲ. ನಿಮ್ಮ ಶಾಲೆಯ ಶಿಲ್ಪಶ್ರೀ ಬರೆದದ್ದು. ಇದರ ಚಿತ್ರ, ಇದರ ಮಾತು, ಎಲ್ಲ ಅವಳದ್ದು. ನಾನು ಅವಳಿಂದ ತಗೊಂಡೆ.” ಹೇಳಿಬಿಟ್ಟಿದ್ದಳು. ಎರಡೂವರೆ ವರ್ಷ ಬಾಯಲ್ಲಿದ್ದದ್ದು ನಾಲ್ಕು ವಾಕ್ಯ, ಮುಗಿಯಿತು. ಮಕ್ಕಳೆಲ್ಲ ಕಂಬದ ಕಡೆ ತಿರುಗಿದರು. ಒಂದು ಕ್ಷಣ, ಒಂದೇ ಕ್ಷಣ, ಸಭಾಂಗಣದಲ್ಲಿ ಆ ಮಾತು ಇದ್ದ ಹಾಗೆಯೇ ನಿಂತಿತು.

ಆಮೇಲೆ ಪ್ರಿನ್ಸಿಪಾಲ್ ಮಹಾಲಕ್ಷ್ಮೀ ಎದ್ದು ಬಂದರು. ಅವರ ಕಣ್ಣು ನಿಜವಾಗಿಯೂ ತುಂಬಿತ್ತು. ಮೈಕನ್ನು ತಮ್ಮ ಕಡೆ ಬಗ್ಗಿಸಿಕೊಂಡು, “ಕೇಳಿದ್ರಾ ಮಕ್ಕಳೇ,” ಎಂದರು, “ದೊಡ್ಡವರ ದೊಡ್ಡತನ ಅಂದ್ರೆ ಇದು. ಇಷ್ಟು ಹೆಸರು ಮಾಡಿದ ಲೇಖಕಿ, ನಾ ಬರ್ದೆ ಅನ್ನಲ್ಲ. ನನ್ನ ವಿದ್ಯಾರ್ಥಿನಿ ಬರೆಸಿದ್ದು ಅಂತಾರೆ. ಮಕ್ಕಳಿಂದಲೇ ತಗೊಂಡೆ ಅಂತಾರೆ. ಒಬ್ಬ ಹುಡುಗಿ ತಮ್ಮ ಚಿತ್ರ ನೋಡಿ ಕಾಪಿ ಮಾಡಿದ್ಲು ಅಂತ ತಿಳಿದ ಮೇಲೂ, ಅವಳಿಗೆ ಅವಮಾನ ಆಗಬಾರದು ಅಂತ ಎಲ್ಲರೆದುರು ಅವಳ ಹೆಸರು ಹೇಳಿದ್ರಲ್ಲ, ಇದಕ್ಕಿಂತ ದೊಡ್ಡ ಪಾಠ ಯಾವ ಪುಸ್ತಕದಲ್ಲಿದೆ?” ಚಪ್ಪಾಳೆ ಬಿತ್ತು. ನಾಗೇಂದ್ರ ಎದ್ದುನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಮಕ್ಕಳೂ ಎದ್ದರು.

“ಅಲ್ಲ,” ಎಂದಳು ಸುಮನಾ. ಮೈಕು ಆ ಕಡೆಗಿತ್ತು, ಅದು ಯಾರಿಗೂ ಕೇಳಲಿಲ್ಲ. ಪ್ರಿನ್ಸಿಪಾಲರು ಮಾತು ಮುಗಿಸಿ ಮೈಕನ್ನು ಮೊದಲಿದ್ದಂತೆ ಅವಳ ಮುಂದೆ ತಿರುಗಿಸಿ ಇಟ್ಟರು. ಈಗ ಅದು ಅವಳ ಬಾಯಿಗೆ ಗೇಣು ದೂರದಲ್ಲಿತ್ತು. ಇನ್ನೊಂದು ಸಲ ಹೇಳಬೇಕಿತ್ತು, ವಿವರವಾಗಿ, ದಿನಾಂಕ ಸಮೇತ, ಯಾರೂ ಬೇರೆ ಅರ್ಥ ಮಾಡಿಕೊಳ್ಳಲಾಗದ ಹಾಗೆ. ನಾನು ಕದ್ದೆ ಎನ್ನುವ ಶಬ್ದವನ್ನೇ ಬಳಸಬೇಕಿತ್ತು. ಅವಳು ಚಪ್ಪಾಳೆ ನಿಲ್ಲಲೆಂದು ಕಾದಳು. ಕಾಯುತ್ತಿರುವಾಗ ಎದೆಯೊಳಗೆ ಏನೋ ಸಡಿಲಾಯಿತು, ಅದು ಹಗುರ ಎಂದು ಗುರುತಿಸಲು ಅವಳಿಗೆ ತುಸು ಹೊತ್ತು ಹಿಡಿಯಿತು. ಹೇಳಿದ್ದೂ ಆಗಿತ್ತು, ಹೆಸರು ಉಳಿದದ್ದೂ ಆಗಿತ್ತು. ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು, ಆದರೆ ಆ ಹಗುರ ಹೋಗಲಿಲ್ಲ. ಚಪ್ಪಾಳೆ ನಿಂತಾಗ ಅವಳು ಕೈಮುಗಿದಳು.

“ಶಿಲ್ಪಶ್ರೀ, ಬಾ ಇಲ್ಲಿ,” ಎಂದು ಕರೆದರು ಪ್ರಿನ್ಸಿಪಾಲರು. “ಮೇಡಂ ಆಶೀರ್ವಾದ ತಗೋ.” ಹುಡುಗಿ ಕಂಬದ ಪಕ್ಕದಿಂದ ಎದ್ದು, ಸಾಲುಗಳನ್ನು ದಾಟಿ, ಮೆಟ್ಟಿಲು ಹತ್ತಿ ಬಂದಳು. ಯಾರೋ ಹಿಂದಿನಿಂದ ಅವಳ ಬೆನ್ನು ತಟ್ಟಿದರು. ಕಾಲಿಗೆ ಬಗ್ಗಿದಳು, ಸುಮನಾ ಭುಜ ಹಿಡಿದು ಎತ್ತಿದಳು. ನಾಗೇಂದ್ರ ಮೊಬೈಲ್ ಹಿಡಿದು ವೇದಿಕೆಯ ಮುಂದಕ್ಕೆ ಬಂದಿದ್ದರು, ಇನ್ನೂ ಸ್ವಲ್ಪ ಹತ್ತಿರ ಎಂದು ಕೈಸನ್ನೆ ಮಾಡುತ್ತಿದ್ದರು. ಶಿಲ್ಪಶ್ರೀ ಹತ್ತಿರ ಬಂದಳು. ಅವಳ ಕಿವಿ ಈಗ ಕೆಂಪಗಿರಲಿಲ್ಲ.

“ಮಿಸ್,” ಎಂದಳು, ತುಟಿ ಅಲುಗದ ಹಾಗೆ, “ನಾಳೆ ಎಲ್ಲರೂ ಕೇಳ್ತಾರೆ, ನಿಜಾನಾ ಅಂತ. ನಾ ಎಂತ ಹೇಳ್ಲಿ?”

ಸುಮನಾ ಅವಳ ಭುಜದ ಮೇಲೆ ಕೈ ಇಟ್ಟಳು.

“ಅಲ್ಲಿ ನೋಡು,” ಎಂದಳು. “ಫೋಟೋ ತೆಗೀತಿದಾರೆ.”